ಜಪಾನಿಗೆ ಹೋಗಿ ಕಲ್ಲು ನೋಡಿ ಬಂದ ಮಾವ

ಜಪಾನಿಗೆ ಹೋಗಿ ಬರಿಗೈಯಲ್ಲಿ ಬಂದವರು ಇಡೀ ಆರ್.ಟಿ. ನಗರದಲ್ಲಿ ಒಬ್ಬರೇ. ಅವರು ನನ್ನ ಸೋದರಮಾವನೇ ಆಗಿರಬೇಕೆ!

ಅದು ಎಪ್ಪತ್ತರ ದಶಕ. ಯಶವಂತಪುರದ ಆಚೆಗಿನ ಕಾರ್ಖಾನೆಯವರು ಹೊಸ ಯಂತ್ರ ಕಲಿತು ಬರಲೆಂದು ಮಾವನನ್ನು ಕಳಿಸಿದರು. ಕಳಿಸಿದ್ದು ಅವರು, ಆಸೆಪಟ್ಟದ್ದು ನಾವು! ಅತ್ತೆಗೆ ಜಪಾನ್ ಜಾರ್ಜೆಟ್ ಸೀರೆ, ನನಗೆ ಟೇಪ್‌ರೆಕಾರ್ಡರ್, ಅಮ್ಮನಿಗೆ ಮಡಚುವ ಕೊಡೆ.

ಬಂದದ್ದೇನು? ಲಕೋಟೆ ತುಂಬ ಫೋಟೋ. ಫೋಟೋದಲ್ಲೇನು? ಕಲ್ಲು! ಅಂಗಡಿಗೆ ಹೋಗಲು ಸಿಕ್ಕಿದ್ದ ಒಂದೇ ರಜೆಯಲ್ಲಿ ಈ ಮಹಾನುಭಾವರು ಬೆಟ್ಟ ಹತ್ತಿದ್ದರು. ನಮ್ಮ ಪಾಳೆಯಗಾರರಂಥ ಯಾವನೋ ಯುದ್ಧಕೋರ ದೊರೆಯ ಕೋಟೆ ನೋಡಲು! ಆ ಕೋಟೆಯೋ, ಸುಟ್ಟುಹೋಗಿ ಶತಮಾನಗಳಾಗಿದ್ದವು. ಉಳಿದದ್ದು ಪಾಚಿ ಹಿಡಿದ ತಳಪಾಯ.

"ಕಲ್ಲು ನೋಡೋಕೆ ವಿಮಾನ ಯಾಕ್ರೀ ಹತ್ಬೇಕಿತ್ತು? ನಂದಿಬೆಟ್ಟಕ್ಕೆ ಬಸ್ಸಿತ್ತಲ್ಲ!" ಎಂದರು ಅತ್ತೆ.

ಮಾವನಿಗೆ ನಮಗಿಂತ ಹೆಚ್ಚು ಸಿಟ್ಟು. "ಕಲ್ಲು ಅನ್ಬೇಡ ಕಣೇ! ಇದು ಹೆಬ್ಬಾಗಿಲು!"

"ಬಾಗಿಲೆಲ್ಲಿ?"

"ಸುಟ್ಟುಹೋಯ್ತು ಅಂದ್ನಲ್ಲ!"

ಜಪಾನ್ ನೋಡೋಣವೆಂದು ಪಕ್ಕದ ಮನೆಯ ಚಾಚಾ ಬಂದರು. ಮನೆ ಕಟ್ಟಿಸುವ ಮೇಸ್ತ್ರಿ. ಫೋಟೋಗಳನ್ನೆಲ್ಲ ಭಕ್ತಿಯಿಂದ ನೋಡಿ, "ಸೈಟು ಚೆನ್ನಾಗಿದೆ ಸಾರ್. ಪಾಯ ಹಾಕಿ ಆಯ್ತಲ್ಲ, ಮನೆ ಯಾವಾಗ ಕಟ್ತಾರೆ?" ಎಂದುಬಿಟ್ಟರು. ಆ ಸಲ ರಂಜಾನಿಗೆ ಅವರ ಮನೆಯಿಂದ ಬಂದ ಶೀರ್‌ಖುರ್ಮಾವನ್ನು ಮಾವ ಹಿಂದಕ್ಕೆ ಕಳಿಸಿದರು. ಕಲ್ಲಿನ ಮೇಲಿನ ಕೋಪಕ್ಕೆ ಖುರ್ಮಾ ಏನು ಮಾಡಿತ್ತು? ಇದು ಅನ್ಯಾಯವಲ್ಲವೆ?

ವರ್ಷಗಳು ಕಳೆದವು, ಅತ್ತೆಯ ಸಿಟ್ಟು ಕಳೆಯಲಿಲ್ಲ. ಒಂದು ದಿನ ಯಾರದೋ ಮದುವೆಯಲ್ಲಿ ಹೆಂಗಸರ ಜಾರ್ಜೆಟ್ ಸೀರೆಗಳನ್ನು ಕಂಡು ಬಂದವರೇ ಸಿಡಿದರು. "ಆ ಬೆಟ್ಟದ ಮೇಲೆ ಏನೂ ಇಲ್ಲ ಅಂತ ಗೊತ್ತಾದ್ಮೇಲೂ ಸಾಯಂಕಾಲದವರ್ಗೂ ಅಲ್ಲೇನ್ ಮಾಡ್ತಿದ್ರಿ?"

ಮಾವ ಜಗಳಕ್ಕೆ ನಿಲ್ಲಲಿಲ್ಲ. ದನಿ ತಗ್ಗಿಸಿ ಹೇಳಿದರು:

"ಬೆಟ್ಟದ ಬುಡದಲ್ಲಿ ಒಬ್ರು ಮುದುಕರು ಸಿಕ್ಕಿದ್ರು. ಅವರ ಭಾಷೆ ನಂಗೆ ಬರಲ್ಲ, ನಂದು ಅವರಿಗೆ ಬರಲ್ಲ. ಕೋಟೆ ನೋಡೋಕೆ ಬಂದಿದೀನಿ ಅಂತ ತಿಳಿದಿದ್ದೇ ತಡ, ಕೋಲೂರ್ಕೊಂಡು ಜೊತೇಲೇ ಹತ್ತಿದ್ರು. ಒಂದೊಂದು ಕಲ್ಲಿನ ಹತ್ರಾನೂ ನಿಂತು, ಗಾಳೀಲಿ ಬಾಗಿಲು, ಗೋಡೆ ಬರೆದು ತೋರಿಸೋರು. ಆಮೇಲೆ ನನ್ನ ಕ್ಯಾಮೆರಾನೇ ನೋಡ್ತಾ ಕಾಯೋರು. ಫೋಟೋ ತೆಗೀದೆ ಹೆಂಗಿರ್ಲಿ? ಇಳಿಯೋವಾಗ ಅವರ ಕಾಲು ನಡುಗ್ತಿತ್ತು. ಕೈ ಹಿಡ್ಕೊಂಡೇ ಕರ್ಕೊಂಡು ಬಂದೆ. ಅಷ್ಟರಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ವು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಮಾವ?" ಎಂದೆ.

"ನೀವೆಲ್ಲ ಕಲ್ಲು ನೋಡೇ ನಗ್ತಿದ್ರಿ. ಅವರ ವಿಷಯ ಕೇಳಿಯೂ ನಕ್ಕುಬಿಟ್ರೆ?"

ನಗುವವರು ಯಾರೂ ಇರಲಿಲ್ಲ. ಅತ್ತೆ ಕೇಳಿದರು: "ಅವ್ರಿಗೆ ತಿನ್ನೋಕೆ ಏನಾದ್ರೂ ಕೊಟ್ರಾ?"

"ನೀನು ಕಟ್ಕೊಟ್ಟಿದ್ದ ಚಕ್ಲಿ ಇತ್ತು. ಹಲ್ಲಿರ್ಲಿಲ್ಲ ಪಾಪ. ಬಾಯಲ್ಲಿಟ್ಕೊಂಡು ಚೀಪ್ತಾ ಕೂತ್ರು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಮೊದ್ಲೇ ಗೊತ್ತಿದ್ರೆ ಮೆತ್ತಗೆ ರವೆ ಉಂಡೆ ಮಾಡ್ಕೊಡ್ತಿದ್ದೆ," ಎಂದರು.