ಸಾಯಲೊಲ್ಲದ ಸ್ಪೇನಿನ ನಟಿ

ನ್ಯೂಯಾರ್ಕಿನ ಪಕ್ಕದ ಹೋಬೋಕನ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಸ್ಪೇನಿನ ನಟಿಯಷ್ಟು ಸಲ ಸತ್ತವರು ಈ ಭೂಮಿಯ ಮೇಲೆ ಇನ್ನೊಬ್ಬರು ಇರಲಾರರು. ಸಿನಿಮಾದಲ್ಲಿ ವಿಷ ಕುಡಿದು, ನಾಟಕದಲ್ಲಿ ಚೂರಿಯಿಂದ ಇರಿಸಿಕೊಂಡು, ಬಾವಿಗೆ ಬಿದ್ದು, ಕ್ಷಯ ಹಿಡಿದು, ಒಮ್ಮೆಯಂತೂ ಗೂಳಿ ತಿವಿದು! ಸ್ಪೇನಿನ ನಿರ್ದೇಶಕರಿಗೆ ಅವರ ಮುಖ ಕಂಡ ಕೂಡಲೇ ಚಟ್ಟ ಕಟ್ಟುವ ಹುಮ್ಮಸ್ಸು ಬರುತ್ತಿತ್ತೋ ಏನೋ.

"ಮೊದಲನೇ ಅಂಕದಲ್ಲೇ ಸಾಯಿಸಿಬಿಡ್ತಿದ್ರು. ಎಲ್ಲರೂ ಕೊನೆಗೆ ಚಪ್ಪಾಳೆ ತಟ್ಟಿಸಿಕೊಳ್ಳುವಾಗ ನಾನು ಮನೇಲಿ ಸೂಪ್ ಕುಡೀತಿದ್ದೆ" ಎಂದು ತಮ್ಮ ಸ್ಪ್ಯಾನಿಷ್ ಒಗ್ಗರಣೆಯ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಇನ್ನು ಸಾಯುವ ಪಾತ್ರ ಮಾಡುವುದಿಲ್ಲವೆಂದು ಶಪಥ ಮಾಡಿ ನ್ಯೂಯಾರ್ಕಿಗೆ ಬಂದರು. ಇಲ್ಲಿ ಯಾರೂ ಅವರಿಗೆ ಬದುಕುವ ಪಾತ್ರ ಕೊಡಲಿಲ್ಲ. ಸಾಯುವುದನ್ನೂ ಕೊಡಲಿಲ್ಲ.

ನನ್ನ ಗಂಡನಿಗೆ ಅವರ ಪರಿಚಯವಾದದ್ದು ಬೇಸ್‌ಮೆಂಟಿನ ಲಾಂಡ್ರಿಯಲ್ಲಿ. ನೆಲದ ಮೇಲೆ ಹೆಂಗಸೊಬ್ಬರು ಅಂಗಾತ ಬಿದ್ದಿರುವುದನ್ನು ಕಂಡು ಇವರು ನೈನ್ ಒನ್ ಒನ್‌ಗೆ ಫೋನ್ ಮಾಡಲು ಓಡುವಷ್ಟರಲ್ಲಿ, ಆಕೆ ಒಂದು ಕಣ್ಣು ತೆರೆದು, "ಹೇಗಿತ್ತು?" ಎಂದರಂತೆ. ಶಪಥ ಸ್ಟೇಜಿಗೆ ಮಾತ್ರ. ಕಲಿತ ವಿದ್ಯೆ ಮರೆಯಬಾರದಲ್ಲ!

ಎರಡು ಸಾವಿರ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈ-ಟು-ಕೆ ಗಲಾಟೆಯ ಆ ವರ್ಷ ನಮ್ಮ ಕನ್ನಡ ಕೂಟದ ಯುಗಾದಿಗೆ ಒಂದು ನಾಟಕ. ಅದರಲ್ಲಿ ನಾನು ಸೊಸೆ. ನಮ್ಮ ಮನೆಯ ರಿಹರ್ಸಲ್ ಗದ್ದಲ ಕೇಳಿ ನಟಿ ಕೆಳಗಿಳಿದು ಬಂದರು.

"ನನಗೂ ಪಾತ್ರ ಬೇಕು. ಸಾಯಲ್ಲ. ಪರದೆ ಬೀಳೋವರೆಗೂ ಸ್ಟೇಜ್ ಮೇಲೇ ಇರಬೇಕು."

ನಮ್ಮ ನಿರ್ದೇಶಕರು ಹಗಲೆಲ್ಲ ಜರ್ಸಿ ಸಿಟಿಯಲ್ಲಿ ಪ್ರೋಗ್ರಾಮುಗಳಲ್ಲಿ ಅಡಗಿದ ತಪ್ಪುಗಳನ್ನು, ಅಂದರೆ ಬಗ್‌ಗಳನ್ನು, ಹಿಡಿಯುವವರು. ತಲೆ ಕೆರೆದುಕೊಂಡು ನನ್ನನ್ನು ಪಕ್ಕಕ್ಕೆ ಕರೆದರು.

"ನಾಟಕದಲ್ಲಿ ಗೋಡೆ ಮೇಲೆ ಅಜ್ಜಿ ಫೋಟೋ ಇದೆಯಲ್ಲಮ್ಮ, ಅದಾಗ್ಲಿ ಬಿಡಿ. ಡೈಲಾಗ್ ಇಲ್ಲ, ಫಸ್ಟಿಂದ ಲಾಸ್ಟ್‌ವರೆಗೂ ಸ್ಟೇಜ್ ಮೇಲೇ ಇರ್ತಾರೆ."

"ಸಾರ್, ಆ ಅಜ್ಜಿ ಸತ್ತಿದ್ದಾರಲ್ಲ?"

"ಅದನ್ನ ನೀವ್ಯಾಕೆ ಹೇಳೋಕ್ ಹೋಗ್ತೀರಾ?"

ಹೇಳಲಿಲ್ಲ. ಹೇಗೆ ಹೇಳುವುದು? ಕೊರಳಿಗೆ ಗಂಧದ ಹಾರ ಹಾಕುತ್ತಾರೆಂದು ತಿಳಿದು ಅವರು ಮೆಟ್ಟಿಲ ಮೇಲೇ ಕುಣಿದಿದ್ದರು.

ನಾಟಕದ ದಿನ ನನ್ನ ರೇಷ್ಮೆ ಸೀರೆ ಉಟ್ಟು, ಕಾಸಿನಗಲ ಕುಂಕುಮ ಇಟ್ಟು, ಪ್ಲೈವುಡ್ ಚೌಕಟ್ಟಿನ ಹಿಂದೆ ಕಣ್ಣು ಮಿಟುಕಿಸದೆ ಕುಳಿತರು. ಕೊನೆಯ ದೃಶ್ಯದವರೆಗೆ ಎಲ್ಲವೂ ಸರಿಯಿತ್ತು. ಅಲ್ಲಿ ಸೊಸೆ ಅಜ್ಜಿಯ ಫೋಟೋ ಮುಂದೆ ಊದುಬತ್ತಿ ಹಚ್ಚಿ ಕಷ್ಟ ತೋಡಿಕೊಳ್ಳಬೇಕು. ಗಾಬರಿಯಲ್ಲಿ ನಾನು ಇಡೀ ಕಟ್ಟನ್ನೇ ಹಚ್ಚಿಬಿಟ್ಟೆ. ಫೋಟೋದ ಮೂಗು ಅದುರಿತು. ಕಣ್ಣಲ್ಲಿ ನೀರು ಬಂತು. ಆಮೇಲೆ ಹಾರ ಹಾರಿಬೀಳುವಂತೆ ಒಂದು ಸೀನು!

ನಟಿ ಅಷ್ಟಕ್ಕೆ ಬಿಡುವವರೇ? ಚೌಕಟ್ಟಿನಿಂದ ಕೈ ಹೊರಗೆ ಚಾಚಿ ನನ್ನ ಕಣ್ಣೊರೆಸಿದರು. ಮುಂದಿನ ಸಾಲಿನ ಆಂಟಿಯೊಬ್ಬರು ಕೈಮುಗಿದರು. "ಅಮ್ಮಾ, ದಿ ಫೋಟೋ ಈಸ್ ಅಲೈವ್" ಎಂದಿತು ಒಂದು ಮಗು. ಜನ ಎದ್ದು ನಿಂತು ತಟ್ಟಿದ ಚಪ್ಪಾಳೆಗೆ ಫೋಟೋ ಬಗ್ಗಿ ಬಗ್ಗಿ ನಮಸ್ಕರಿಸಿತು. "ಇಷ್ಟು ದೊಡ್ಡ ಬಗ್ ನನ್ನ ಸರ್ವೀಸಲ್ಲೇ ನೋಡಿಲ್ಲ" ಎಂದು ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕುಳಿತರು.

ಮನೆಗೆ ಹೋಗುವಾಗ ಕಾರಿನಲ್ಲಿ ನಟಿಯ ಪಕ್ಕ ಕುಳಿತ ನನಗೆ ತಡೆಯಲಾಗಲಿಲ್ಲ. "ಆ ಅಜ್ಜಿ ಸತ್ತಿದ್ದಳು. ಹಾರ ಹಾಕಿದ್ದು ಅದಕ್ಕೇ" ಎಂದೆ.

"ಗೊತ್ತಿತ್ತು" ಎಂದರು ಅವರು. "ನಿಮ್ಮ ಮನೇಲಿ ನಿನ್ನಮ್ಮನ ಫೋಟೋಗೂ ಹಾರ ಇದೆ. ಆದ್ರೂ ಬೆಳಿಗ್ಗೆ ಟ್ರೇನಿಗೆ ಓಡೋ ಮುಂಚೆ ಅವರಿಗೆ ಏನೋ ಹೇಳಿಯೇ ಹೋಗ್ತೀಯ. ಅದು ಹೇಗೆ ಸಾಯೋ ಪಾತ್ರ ಆಗುತ್ತೆ?"



ಅವರು ತೀರಿಕೊಂಡು ವರ್ಷಗಳಾದವು. ಈಗಲೂ ಲಾಂಡ್ರಿಗೆ ಇಳಿದಾಗ ನೆಲ ನೋಡುತ್ತೇನೆ. ಅಮ್ಮನ ಫೋಟೋ ಪಕ್ಕದಲ್ಲಿ ಅವರದೂ ಇದೆ, ಅದೇ ಗಂಧದ ಹಾರದೊಂದಿಗೆ. ದಿನಾ ಇಬ್ಬರಿಗೂ "ಹೋಗ್ಬರ್ತೀನಿ" ಎಂದು ಹೇಳಿಯೇ ಹೊರಡುತ್ತೇನೆ. ಊದುಬತ್ತಿಯನ್ನು ಮಾತ್ರ ಅಮ್ಮನ ಕಡೆಗೆ ಸರಿಸಿ ಇಡುತ್ತೇನೆ. ನಮ್ಮ ನಟಿಗೆ ಸೀನು ಬರುತ್ತದೆ.