ಸೊಂಟವೇರಿದ ಇಲಿ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಸುಖವಾಗಿ ಬಾಳುತ್ತಿರುವವರು ಹಜಾರದ ಗಾಜಿನ ಬೀರುವಿನಲ್ಲಿದ್ದಾರೆ. ಒಂದು ಕಪ್ಪೆ, ಒಬ್ಬ ಬೊಜ್ಜಿನ ಮುದುಕ, ಕಣ್ಣು ಮುಚ್ಚಿಕೊಂಡ ಕೋತಿ, ಇನ್ನೂ ಯಾರ್ಯಾರೋ. ಒಬ್ಬೊಬ್ಬರೂ ಹೆಬ್ಬೆರಳಿನಷ್ಟು ಉದ್ದ. ಅವರ ಮೈ ಒರೆಸಲು ಮೆತ್ತನೆ ಬ್ರಷ್ಷು, ಮಲಗಲು ಮಖಮಲ್ಲು, ಸೆಕೆಗೆ ಮರ ಬಿರುಕು ಬಿಡಬಾರದು ಅಂತ ಮೂಲೆಯಲ್ಲಿ ಒಂದು ಲೋಟ ನೀರು. ದಿನಾ ಬೆಳಿಗ್ಗೆ ಆ ನೀರು ಬದಲಾಯಿಸುವವರು ನಮ್ಮ ಯಜಮಾನರು, ಸ್ವಹಸ್ತದಿಂದ. ನಾನು ಕೆಮ್ಮಿ ಕೆಮ್ಮಿ ಕಣ್ಣು ಮೇಲಕ್ಕೆ ಹೋದರೂ, "ಅಡುಗೆಮನೇಲಿ ನೀರಿದೆಯಲ್ಲೇ" ಅನ್ನುತ್ತಾರೆ, ಕೂತಲ್ಲಿಂದಲೇ.

ಹೀಗಂದೆ ಅಂತ ಅವರನ್ನು ಕೆಟ್ಟವರು ಅಂದುಕೊಳ್ಳಬೇಡಿ. ಜನ್ಮವೆಲ್ಲ ಗಡಿಯಾರ ರಿಪೇರಿ ಮಾಡಿದವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಳ್ಳಿನಷ್ಟು ತಿರುಪನ್ನೂ ಹುಡುಕಿ ತೆಗೆಯುತ್ತಿದ್ದರು. ಸಣ್ಣ ಸಾಮಾನು ಮಾತ್ರ ಅವರಿಗೆ ಕಾಣಿಸುತ್ತದೆ. ನಾನು ಕಾಣಿಸದಿರುವುದಕ್ಕೆ ನನ್ನ ಗಾತ್ರವೇ ಕಾರಣ.

ಈ ಕಪ್ಪೆ ಕೋತಿಗಳು ಜಪಾನಿನವು. ನಾನು ಓದಿದ್ದು ಅಷ್ಟಕ್ಕಷ್ಟೆ, ಆದರೆ ಕಿವಿ ಚುರುಕು. ಮನೆಗೆ ಬಂದವರಿಗೆಲ್ಲ ಇವರು ಕೊಡುವ ಉಪನ್ಯಾಸ ಅಡುಗೆಮನೆಯಲ್ಲಿ ಕೇಳಿಸಿಕೊಂಡು ಕೇಳಿಸಿಕೊಂಡು ನನಗೆ ಬಾಯಿಪಾಠವಾಗಿದೆ. ಆ ದೇಶದ ಹಳೇ ಕಾಲದ ಬಟ್ಟೆಗೆ ಜೇಬು ಇರಲಿಲ್ಲವಂತೆ. ಅದಕ್ಕೇ ಗಂಡಸರು ಅರಗಿನ ಮೆರುಗು ಕೊಟ್ಟ ಪುಟ್ಟ ಡಬ್ಬಿಯಲ್ಲಿ ಔಷಧಿ ಇಟ್ಟು, ದಾರ ಕಟ್ಟಿ, ಸೊಂಟದ ಪಟ್ಟಿಯಿಂದ ನೇತು ಹಾಕಿಕೊಳ್ಳುತ್ತಿದ್ದರಂತೆ. ದಾರ ಜಾರದಿರಲಿ ಅಂತ ಅದರ ಮೇಲಿನ ತುದಿಗೆ ಒಂದು ಕೆತ್ತನೆ ಗುಂಡಿ.

"ಗುಂಡಿ ಅನ್ಬೇಡ್ವೇ! ನೆಟ್ಸುಕೆ ಅನ್ನು!"

"ಆಗ್ಲಿ ಬಿಡಿ, ನೆಟ್ಟಗಿರೋ ಗುಂಡಿ."

ಡಬ್ಬಿಗೂ ಏನೋ ಒಂದು ಹೆಸರಿದೆ, ಇನ್ರೋ ಅಂತ. ನಮ್ಮಲ್ಲಿರುವುದು ಒಂದೇ. ಕಪ್ಪು ಮೈ, ಮೇಲೆ ಚಿನ್ನದ ಕೊಕ್ಕರೆ, ಒಂದರ ಮೇಲೊಂದು ಕೂರುವ ಐದು ಖಾನೆ. ಒಂದು ದಿನ ಸುಮ್ಮನೆ ಕೇಳಿದೆ, "ಹೇಗೂ ಔಷಧಿ ಡಬ್ಬಿ ಅಂತೀರಿ, ನನ್ನ ಬಿಪಿ ಮಾತ್ರೆ ಇದ್ರಲ್ಲಿ ಇಟ್ಕೊಳ್ಲಾ?" ಆ ದಿನ ಬಿಪಿ ಮಾತ್ರೆ ಅವರಿಗೇ ಕೊಡಬೇಕಾಯಿತು.

ಈಗ ನನ್ನ ಕಷ್ಟ ಕೇಳಿ. ನನ್ನ ಬಟ್ಟೆಗೂ ಜೇಬಿಲ್ಲ. ಸೊಸೆ ಹಳೇ ಪರದೆಯಿಂದ ಒಂದು ಏಪ್ರನ್ ಹೊಲಿದುಕೊಟ್ಟಿದ್ದಾಳೆ, ಸೊಂಟಕ್ಕೆ ಅಗಲವಾದ ಪಟ್ಟಿ, ಚೆನ್ನಾಗಿಯೇ ಇದೆ. ಜೇಬಿಗೆ ಬಟ್ಟೆ ಸಾಲಲಿಲ್ಲವಂತೆ. ("ನಿಮ್ಮ ಅಳತೆಗೆ ಇಡೀ ಪರದೆ ಹಿಡೀತು ಅತ್ತೆ" ಅಂದಳು.) ನನಗೋ ಎರಡು ವಸ್ತು ಸದಾ ಕೈಗೆ ಸಿಗಬೇಕು. ಒಂದು ಮಾತ್ರೆಯ ಸ್ಟೀಲ್ ಡಬ್ಬಿ. ಇನ್ನೊಂದು ತಿಂಡಿ ಬೀರುವಿನ ಬೀಗದಕೈ. ಇವರಿಗೆ ಸಕ್ಕರೆ ಕಾಯಿಲೆ. ಬೀರುವಿಗೆ ಬೀಗ ಹಾಕದಿದ್ದರೆ ಗಡಿಯಾರದ ಮುಳ್ಳಿನ ಹಾಗೆ ಸದ್ದಿಲ್ಲದೆ ಬಿಸ್ಕತ್ತಿನ ಡಬ್ಬದ ಸುತ್ತಲೇ ತಿರುಗುತ್ತಾರೆ. ನಾನು ಬೀಗದಕೈ ಎಲ್ಲಾದರೂ ಇಟ್ಟು ಮರೆಯುತ್ತೇನೆ, ಅವರು ಮರೆಯದೆ ಹುಡುಕುತ್ತಾರೆ.

ಹೀಗಿರುವಾಗ ನಮ್ಮ ಊರಿನ ಮ್ಯೂಸಿಯಂನವರು ಇಂಥ ಜಪಾನಿ ಸಾಮಾನಿನ ಒಂದು ಪ್ರದರ್ಶನ ಇಡುವ ಸುದ್ದಿ ಬಂತು. ಅಲ್ಲಿನ ಮೇಡಂ ಮನೆಮನೆಗೆ ಬಂದು ಸಾಮಾನು ಆರಿಸುತ್ತಾರೆ. ಇದೇ ಹುಚ್ಚಿರುವ ಇನ್ನೊಬ್ಬರು ನಮ್ಮ ಬೀದಿಯ ಹಲ್ಲಿನ ಡಾಕ್ಟರು. ಅವರ ಮನೆಯಿಂದ ಆಗಲೇ ಮೂರು ಆರಿಸಿ ಆಗಿತ್ತು. ಆ ಸಂತೋಷವನ್ನು ಹಂಚಿಕೊಳ್ಳಲು ಡಾಕ್ಟರು ಖುದ್ದಾಗಿ ಬಂದರು.

"ನಿಮ್ದೂ ಒಂದಾದ್ರೂ ಆಗ್ಲಿ ಅಂತ ಆಸೆ ನನಗೆ," ಅಂದರು, ಸೋಫಾದಲ್ಲಿ ಒರಗಿ. "ಆದ್ರೆ ನಿಮ್ಮ ಪೀಸುಗಳು ಸ್ವಲ್ಪ... ಹಲ್ಲು ಕಟ್ಟಿಸಿದ ಹಾಗೆ ಕಾಣ್ತವೆ."

ಇವರು ನಕ್ಕರು. ಆದರೆ ಆಮೇಲೆ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಕೂತರು. ಗಡಿಯಾರದ ಅಂಗಡಿ ಮುಚ್ಚಿದ ಮೇಲೆ ಏನಾದರೂ ತೋರಿಸಿ ಅಂತ ಯಾರೂ ಅವರ ಹತ್ತಿರ ಬಂದಿರಲಿಲ್ಲ. ಒಂದೇ ಒಂದು ಆಯ್ಕೆಯಾದರೆ ಸಾಕಿತ್ತು ಅವರಿಗೆ. ಸೊಸೆ ಕೇಳಿದಳು, "ಮಾವ, ನಿಮ್ಮ ಇಲಿ ಇದೆಯಲ್ಲ?"

"ಇಲಿ ಒಳ್ಳೇದೇ ಕಣಮ್ಮ. ಆದ್ರೆ ಯಾರೂ ಅದನ್ನ ತೊಟ್ಟಿಲ್ಲ. ವರ್ಷಾನುಗಟ್ಟಲೆ ಸೊಂಟಕ್ಕೆ ಉಜ್ಜಿ ಉಜ್ಜಿ, ಕೈ ತಾಗಿ ತಾಗಿ ಬೆನ್ನಿಗೆ ಒಂದು ಹೊಳಪು ಬರಬೇಕು. ಪಾಲಿಷ್ ಹಾಕಿದ್ರೆ ಬರೋದಲ್ಲ ಅದು. ನನ್ನ ಇಲಿ ಬೆನ್ನು ಬರೀ ಒಣಮರ."

ನಾನು ತಟ್ಟೆ ತೆಗೆಯುತ್ತಾ ಕೇಳಿಸಿಕೊಂಡೆ. ತಲೆಯಲ್ಲಿ ದೀಪ ಹತ್ತಿತು. ಉಜ್ಜುವುದಕ್ಕೆ ಸೊಂಟ ತಾನೇ ಬೇಕಾದ್ದು? ನನ್ನ ಹತ್ತಿರ ಬೇಕಾದಷ್ಟಿದೆ.

ಇಲಿ ಇರುವುದು ಡ್ರಾಯರಿನಲ್ಲಿ, ಹಳದಿ ಬಟ್ಟೆಯಲ್ಲಿ ಸುತ್ತಿ. ಬಾಲವನ್ನು ಮೈಗೆ ಸುತ್ತಿಕೊಂಡು ಮುದುಡಿ ಮಲಗಿರುವ ಮುದ್ದಾದ ಪ್ರಾಣಿ, ಹೊಟ್ಟೆಯಡಿ ದಾರಕ್ಕೆ ಎರಡು ತೂತು. ಅದನ್ನು ತೆಗೆದುಕೊಂಡು, ಅದೇ ಗಾತ್ರದ ಒಂದು ಅಕ್ರೋಟನ್ನು ಸಿಪ್ಪೆ ಸಮೇತ ಬಟ್ಟೆಯಲ್ಲಿ ಸುತ್ತಿಟ್ಟೆ. (ಇವರು ಇಲಿಯನ್ನು ದಿನಾ ಬಿಚ್ಚಿ ನೋಡುವುದಿಲ್ಲ. ಗಂಟನ್ನು ಮೇಲಿಂದ ಒಮ್ಮೆ ಸವರಿ 'ಇದ್ದೀಯೇನಪ್ಪಾ' ಅಂತ ಕೇಳಿ ಡ್ರಾಯರ್ ಮುಚ್ಚುತ್ತಾರೆ.) ತೂತಿಗೆ ದಾರ ಪೋಣಿಸಿ, ಕೆಳಗೆ ಮಾತ್ರೆ ಡಬ್ಬಿ, ಬೀಗದಕೈ ಕಟ್ಟಿ, ಏಪ್ರನ್ನಿನ ಪಟ್ಟಿಯೊಳಗಿಂದ ತೂರಿಸಿದೆ. ಇಲಿ ಪಟ್ಟಿಯ ಮೇಲೆ ಠೀವಿಯಿಂದ ಕೂತಿತು. ಇಲಿರಾಯರು ಸೊಂಟವೇರಿ ರಾಜ್ಯಭಾರ ಶುರು ಮಾಡಿದರು.

ಏನು ಸುಖ ಅಂತೀರಿ! ಬೀಗದಕೈ ಹುಡುಕುವುದು ತಪ್ಪಿತು. ಮಾತ್ರೆ ತಪ್ಪಲಿಲ್ಲ. ಯಾರ ಮೇಲಾದರೂ ಸಿಟ್ಟು ಬಂದರೆ ಇಲಿಯ ಬೆನ್ನನ್ನು ಹೆಬ್ಬೆರಳಿನಿಂದ ಉಜ್ಜುವುದು. ಸಿಟ್ಟು ಇಳಿಯುತ್ತಿತ್ತು, ಹೊಳಪು ಏರುತ್ತಿತ್ತು. ನಮ್ಮ ಸಂಸಾರ ಎಂಥದ್ದು ಅಂದರೆ ಬಹಳ ಬೇಗ ಹೊಳಪು ಬಂತು. ನನ್ನ ಪಕ್ಕದಲ್ಲೇ ಓಡಾಡುವ ಯಜಮಾನರಿಗೆ ಅದು ಕಾಣಿಸಲೇ ಇಲ್ಲ. ಕಾರಣ ಮೊದಲೇ ಹೇಳಿದ್ದೇನೆ.

ಮೇಡಂ ಬರುವುದು ಮಧ್ಯಾಹ್ನ ಅಂದಿದ್ದರು. ಊಟವಾದ ಮೇಲೆ ಇಲಿಯನ್ನು ಬಟ್ಟೆಯೊಳಗೆ ಸೇರಿಸೋಣ, ಬಿಚ್ಚಿ ನೋಡಿದಾಗ ಇವರು ಹೊಳಪು ಕಂಡು ಬೆರಗಾಗಲಿ ಅಂತ ನನ್ನ ಯೋಜನೆ. ಮೇಡಂ ಬೆಳಿಗ್ಗೆಯೇ ಬಂದುಬಿಟ್ಟರು. ಹಿಂದೆಯೇ ಹಲ್ಲಿನ ಡಾಕ್ಟರು, ಸಲಹೆ ಕೊಡುವುದಕ್ಕೆ.

ಅಡುಗೆಮನೆಯಲ್ಲಿ ಒಲೆಯ ಮೇಲೆ ಟೀ, ಸೊಂಟದ ಮೇಲೆ ಇಲಿ, ಎದೆಯಲ್ಲಿ ಡವಡವ. ಹಜಾರದಿಂದ ಕೇಳಿಸುತ್ತಿತ್ತು. ಕಪ್ಪೆ ನೋಡಿ ಮೇಡಂ "ಹೂಂ" ಅಂದರು. ಕೋತಿಗೂ "ಹೂಂ". ಕೊಕ್ಕರೆ ಡಬ್ಬಿಗೆ ಮಾತ್ರ "ಚೆನ್ನಾಗಿದೆ, ಆದ್ರೆ ಇಂಥದ್ದು ಡಾಕ್ಟರ ಹತ್ರ ತಗೊಂಡಾಯ್ತಲ್ಲ."

ಡ್ರಾಯರ್ ಎಳೆದ ಸದ್ದು. ಬಾಗಿಲ ಸಂದಿಯಿಂದ ಇಣುಕಿದೆ.

"ಕೊನೇದಾಗಿ ನನ್ನ ಇಲಿ. ಬಹಳ ಸೂಕ್ಷ್ಮ ಕೆಲಸ," ಅಂತ ಇವರು ಭಕ್ತಿಯಿಂದ ಗಂಟು ಬಿಚ್ಚುತ್ತಾ ಮೇಡಂ ಮುಖವನ್ನೇ ನೋಡುತ್ತಿದ್ದರು, ಕೈಯನ್ನಲ್ಲ. "ಬೆನ್ನಿನ ಮೇಲಿನ ಗೆರೆ ನೋಡಿ ಮೇಡಂ, ಒಂದೊಂದು ಕೂದಲೂ ಎಣಿಸಬಹುದು."

ಡಾಕ್ಟರ ದನಿ: "ಗೆರೆಗಳೇನೋ ಬಹಳ ಇವೆ. ಬಾಲ ಎಲ್ಲಿ?"

ಮೇಡಂ ಮೆಲ್ಲಗೆ ಅಂದರು, "ಇದು ತಿನ್ನೋ ಅಕ್ರೋಟು ಅಲ್ವಾ?"

ನಾನು ಟೀ ತಟ್ಟೆ ಹಿಡಿದು ಹೊರಗೆ ಬಂದೆ. ಇವರು ಅಕ್ರೋಟನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು. ಮುಖ ಮಾತ್ರ, ನಿಂತ ಗಡಿಯಾರ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ರೀ, ಇಲಿ ಇಲ್ಲಿದೆ," ಅಂತ ತಟ್ಟೆ ಕೆಳಗಿಡಲು ಬಗ್ಗಿದೆ. ಸೊಂಟದಲ್ಲಿ ಮಾತ್ರೆಗಳು ಗಲಗಲ ಅಂದವು.

"ಅಯ್ಯೋ! ನನ್ನ ನೆಟ್ಸುಕೆ! ಬೀಗದಕೈ ಕಟ್ಟಿದ್ದೀಯಲ್ಲೇ! ನಿನಗೇನು ಬುದ್ಧಿ..."

"ನೀವೇ ಅಂದ್ರಲ್ಲ, ಯಾರೂ ತೊಟ್ಟಿಲ್ಲ ಅಂತ. ತೊಟ್ಟೆ!"

"ನಾನು ಜಪಾನಿನವರ ಮಾತು ಹೇಳಿದ್ದು ಕಣೇ!"

"ಸುಮ್ನಿರಿ ಇಬ್ರೂ!" ಅಂದರು ಮೇಡಂ. ನೆಲದ ಮೇಲೆ ಮಂಡಿಯೂರಿ ಕೂತು, ನನ್ನ ಸೊಂಟಕ್ಕೆ ಭೂತಗನ್ನಡಿ ಹಿಡಿದರು. ದಾರ ಎಳೆದು ನೋಡಿದರು, ಇಲಿಯ ಬೆನ್ನು ಸವರಿದರು. "ಹೊಳಪು ಹೊಸದು, ಅದು ಗೊತ್ತಾಗುತ್ತೆ. ಆದ್ರೆ ಅಮ್ಮಾ, ನೋಡೋಕೆ ಬಂದವರೆಲ್ಲ ಕೇಳೋದು ಒಂದೇ, ಇದನ್ನ ಕಟ್ಟಿಕೊಳ್ಳೋದು ಹೇಗೆ ಅಂತ. ಗಾಜಿನೊಳಗೆ ಮಲಗಿಸಿದ್ರೆ ಯಾರಿಗೂ ಅರ್ಥ ಆಗಲ್ಲ. ಈಗ ನನಗೇ ಅರ್ಥ ಆಯ್ತು. ಇಲಿ ಬೇಕು ನನಗೆ. ಬಾಗಿಲ ಹತ್ತಿರದ ಪೆಟ್ಟಿಗೆಯಲ್ಲಿ, ಎಲ್ಲಕ್ಕಿಂತ ಮುಂದೆ. ಜೊತೆಗೆ ನಿಮ್ಮದೊಂದು ದೊಡ್ಡ ಫೋಟೋ."

ಡಾಕ್ಟರು ಟೀ ಕುಡಿಯದೆ ಎದ್ದರು. ನಿಂತ ಗಡಿಯಾರ ಒಂದೇ ಸಲ ಹನ್ನೆರಡು ಹೊಡೆಯಿತು. "ಮಾತ್ರೆ ಡಬ್ಬಿ, ಬೀಗದಕೈ ಎಲ್ಲಾ ಸೇರಿಸಿಯೇ ತಗೊಂಡು ಹೋಗಿ ಮೇಡಂ," ಅಂದರು ಇವರು, ಭಾರೀ ಔದಾರ್ಯದಿಂದ. "ಸಹಜವಾಗಿರುತ್ತೆ." ಆ ಔದಾರ್ಯ ತಿಂಡಿ ಬೀರುವಿನ ಬಗ್ಗೆ ಅಂತ ನನಗೆ ಹೊಳೆದದ್ದು ಮಾರನೇ ದಿನ, ಬೀಗ ಹಾಕದ ಬೀರುವಿನಲ್ಲಿ ಬಿಸ್ಕತ್ತಿನ ಡಬ್ಬ ಹಗುರಾದಾಗ.

ಫೋಟೋ ದಿನ ನಾನು ಒಳ್ಳೇ ಬಟ್ಟೆ ಉಟ್ಟೆ, ಮೇಲೆ ಏಪ್ರನ್, ಅದರ ಪಟ್ಟಿಗೆ ಮೇಡಂ ವಾಪಸು ತಂದ ಇಲಿ. ಸೊಸೆ ತಲೆ ಬಾಚಿ, ಪೌಡರ್ ಹಾಕಿ, ಹುಬ್ಬು ತೀಡಿದಳು. "ಅತ್ತೆ, ನಗಬೇಡಿ, ಹಲ್ಲು ಕಾಣುತ್ತೆ. ಡಾಕ್ಟರಿಗೆ ಮಾತಾಡೋಕೆ ವಿಷಯ ಸಿಗುತ್ತೆ" ಅಂದಳು. ನಾನು ಬಾಯಿ ಮುಚ್ಚಿ, ಗಲ್ಲ ಎತ್ತಿ, ಗಂಭೀರವಾಗಿ ನಿಂತೆ. ಕುತ್ತಿಗೆ ಎರಡು ದಿನ ನೋಯುತ್ತಿತ್ತು.

ಪ್ರದರ್ಶನಕ್ಕೆ ಎಲ್ಲರೂ ಹೋದೆವು. ಬಾಗಿಲಲ್ಲೇ ಗೋಡೆಯೆತ್ತರದ ಫೋಟೋ. ಮೇಲೆ ಎದೆಯಿಂದ ಶುರು, ಕೆಳಗೆ ಮೊಣಕಾಲಿಗೆ ಮುಕ್ತಾಯ. ಮುಖವೇ ಇಲ್ಲ! ಗೋಡೆಯ ತುಂಬ ನಾನು, ಆದರೆ ನಾನು ಅಂತ ಹೇಳುವವರು ಯಾರೂ ಇಲ್ಲ. ಕೆಳಗೆ ಯಜಮಾನರ ಹೆಸರು, 'ಇವರ ಸಂಗ್ರಹದಿಂದ' ಅಂತ. ಹಲ್ಲಿನ ಡಾಕ್ಟರು ಭೂತಗನ್ನಡಿ ಹಿಡಿದು ಆ ಫೋಟೋವನ್ನು ಇಂಚಿಂಚಾಗಿ ಪರೀಕ್ಷಿಸುತ್ತಿದ್ದರು. ಪಕ್ಕದಲ್ಲೇ ನಿಂತಿದ್ದ ನನಗೆ, "ಸ್ವಲ್ಪ ಸರೀರಮ್ಮ, ಬೆಳಕಿಗೆ ಅಡ್ಡ ಬರ್ತಿದೀರಿ" ಅಂದರು.

ಆದರೂ ಇವರು ಇಲಿಯ ಪೆಟ್ಟಿಗೆ ಪಕ್ಕ ನಿಂತು, ಬಂದವರಿಗೆಲ್ಲ ಅದೇ ಉಪನ್ಯಾಸ ಕೊಡುತ್ತಿದ್ದ ಠೀವಿ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಅಂಗಡಿ ಇದ್ದಾಗಲೂ ಇಷ್ಟು ಗಿರಾಕಿಗಳನ್ನು ನಾನು ಕಂಡಿರಲಿಲ್ಲ. ನನ್ನ ಬೀಗದಕೈ ಹೇಗಿದೆ ನೋಡೋಣ ಅಂತ ಬಗ್ಗಿದೆ. ಕಾವಲುಗಾರ ಗದರಿದ, "ಅಜ್ಜೀ, ಗಾಜು ಮುಟ್ಬೇಡಿ! ಬೆಲೆಬಾಳೋ ವಸ್ತು!"

ಗದರಿಕೆಗೋ ಸೆಕೆಗೋ ಕೆಮ್ಮು ಹತ್ತಿತು. ಕೆಮ್ಮುತ್ತಲೇ ಕಂಡದ್ದು: ಪೆಟ್ಟಿಗೆಯೊಳಗೆ, ಇಲಿಯ ಪಕ್ಕದ ಮೂಲೆಯಲ್ಲಿ, ಒಂದು ಲೋಟ ನೀರು.

ಯಜಮಾನರು ಉಪನ್ಯಾಸ ನಿಲ್ಲಿಸಿದರು. ನನ್ನ ಕಡೆ ನೋಡಿದರು, ನಿಜವಾಗಿ ನೋಡಿದರು. "ಇರೇ, ನೀರು ತರ್ತೀನಿ," ಅಂತ ಸರಸರ ಹೊರಗೆ ಓಡಿದರು. ಸೊಸೆ ನನ್ನ ಮೊಣಕೈ ತಿವಿದಳು. ಮದುವೆಯಾದಾಗಿನಿಂದ ಕಾಯ್ದ ಲೋಟ ಅದು. ನನಗೆ ಕೆಮ್ಮೇ ಅರ್ಧ ನಿಂತುಹೋಯಿತು.

ಸ್ವಲ್ಪ ಹೊತ್ತಿಗೆ ವಾಪಸು ಬಂದರು, ಬರಿಗೈಯಲ್ಲಿ, ಕರವಸ್ತ್ರದಿಂದ ಮೀಸೆ ಒರೆಸಿಕೊಳ್ಳುತ್ತಾ.

"ಒಳಗೆ ನೀರು ತರೋ ಹಾಗಿಲ್ವಂತೆ ಕಣೇ. ಚೆಲ್ಲೋದು ಯಾಕೆ ಅಂತ ನಾನೇ ಕುಡಿದೆ."