ಹತ್ತಕ್ಕೆ ಹತ್ತು ಕೊಡದ ಮಾವ

ನಮ್ಮ ಮಾವನ ಕೈಯಿಂದ ಹತ್ತಕ್ಕೆ ಹತ್ತು ಅಂಕ ಪಡೆದ ಜೀವಿ ಕುಮಟೆಯಿಂದ ಭಟ್ಕಳದವರೆಗೆ ಇನ್ನೂ ಹುಟ್ಟಿರಲಿಲ್ಲ! ಜೀವಿಗಳ ಮಾತು ಬಿಡಿ, ಅಪ್ಸರಕೊಂಡದ ಜಲಪಾತಕ್ಕೇ ಅವರು ಕೊಟ್ಟದ್ದು ಏಳೂವರೆ. "ನೀರು ಸ್ವಲ್ಪ ಎಡಕ್ಕೆ ಬೀಳ್ತದೆ ತಂಗಿ, ಸೆಂಟರಿಂಗ್ ಸರಿ ಇಲ್ಲ" ಅಂತ ನನಗೆ ಹೇಳಿದರು. ದಿನಾ ಬಂಗಡೆ ಸಾರು ಬಡಿಸಿ "ಇವತ್ತು ಎಷ್ಟು ಕೊಡ್ತ್ರಿ?" ಎಂದು ಆಸೆಯಿಂದ ಕೇಳುವ ಅತ್ತೆಗೂ ಒಂಬತ್ತು ದಾಟಲಾಗಿರಲಿಲ್ಲ. ಉಳಿದ ಒಂದು ಅಂಕ ಯಾವ ನಾಯಿ ತಿಂದಿತೋ!

ಈ ರೋಗ ಅಂಟಿದ್ದು ಒಂದು ಕ್ರಿಕೆಟ್ ಕಾರ್ಡಿನಿಂದ. ಮಾವ ಶಾಲೆಗೆ ಹೋಗುವಾಗ ಬಬಲ್‌ಗಮ್ ಜೊತೆ ಸಿಕ್ಕಿದ್ದು. ಬೌಲರನ ಚಿತ್ರದ ಕೆಳಗೆ ಯಾವನೋ ವಿಕೆಟ್ ಕೀಪರನ ಹೆಸರು ಅಚ್ಚಾಗಿದೆ. ನಮಗೆ ಅದು ಮುದ್ರಣದೋಷ, ಮಾವನಿಗೆ ನಿಧಿ! ಇಂಥ ತಪ್ಪು ಕಾರ್ಡುಗಳಿಗೆ ಹೊರದೇಶದಲ್ಲಿ ಭಾರೀ ಬೆಲೆಯಂತೆ. ಆದರೆ ಮೊದಲು ಗ್ರೇಡಿಂಗ್ ಆಗಬೇಕು. ಅಂದರೆ ಪರೀಕ್ಷಕರಿಗೆ ಕಳಿಸಬೇಕು. ಅವರು ಮೂಲೆ, ಅಂಚು, ಮೈ, ಚಿತ್ರ ನಟ್ಟನಡುವೆ ಇದೆಯೇ ಎಂಬ ಸೆಂಟರಿಂಗ್, ಎಲ್ಲ ಭೂತಗನ್ನಡಿಯಲ್ಲಿ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಒಂಬತ್ತು ಬಂದರೆ ಲಾಟರಿ. ಐದು ಬಂದರೆ ಕಳಿಸಿದ ಖರ್ಚೂ ನೀರಲ್ಲಿ ಹೋಮ.

ಕಳಿಸಬೇಕೋ ಬೇಡವೋ? ಮಾವ ತಾವೇ ಒಂದು ಭೂತಗನ್ನಡಿ ಕೊಂಡು ಪರೀಕ್ಷಕರಾದರು. ಮೀನು ಪೇಟೆಗೂ ಅದನ್ನು ಒಯ್ದರು. ಬಂಗಡೆಯ ಬಾಲಕ್ಕೆ ಅದನ್ನು ಹಿಡಿದದ್ದು ಕಂಡು ಮೀನಿನಾಕೆ ಸೊಂಟಕ್ಕೆ ಕೈಯಿಟ್ಟಳು.

"ಎಂತ ಒಡೆಯಾ, ಮೀನು ತಕೊಳ್ಳೂಕೆ ಬಂದದ್ದಾ, ಹೆಣ್ಣು ನೋಡೂಕೆ ಬಂದದ್ದಾ?"

"ಬಾಲದ ಮೂಲೆ ಸವೆದಿದೆ. ಆರು."

"ಆತು, ಆರು ಮೀನು ಹಾಕ್ತೆ. ದುಡ್ಡು ತೆಗೀರಿ!"

ಕೊನೆಗೆ ಭಟ್ಕಳದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯರೊಬ್ಬರಿಗೆ ತೋರಿಸಿದರು. ದುಬೈಯಲ್ಲಿದ್ದಾಗ ಇಂಥ ಕಾರ್ಡುಗಳ ವ್ಯಾಪಾರ ಕಂಡ ಮನುಷ್ಯ. "ನಾಲ್ಕೂ ಮೂಲೆ ಚೂಪಾಗಿದೆ ಭಾಯ್, ಕಳ್ಸಿ. ಆದ್ರೆ ಹೇಗಿದೆಯೋ ಹಾಗೇ ಇರ್ಲಿ. ಏನಾದ್ರೂ ಅಂಟಿಸಿದ್ರೆ ಬೆಲೆ ಖತಂ!" ಎಂದರು.

ಅಂದಿನಿಂದ ಮಾವನ ಕಾಲು ನೆಲದ ಮೇಲಿಲ್ಲ. ಮಳೆಗಾಲದ ಥಂಡಿ ತಾಗಬಾರದೆಂದು ಕಾರ್ಡು ಅಕ್ಕಿ ಡಬ್ಬಿಯೊಳಗೆ ಸೇರಿತು. ಅತ್ತೆ ಅಕ್ಕಿಗೆ ಕೈ ಹಾಕಿದರೆ ಸಾಕು, "ನಿಧಾನ! ನಿಧಾನ!" ಎಂದು ಮಾವ ಓಡಿಬರುವರು.

"ಅನ್ನ ಮಾಡೂಕೂ ನಿಮ್ಮ ಬೌಲರನ ಪರ್ಮಿಶನ್ ಬೇಕಾ?" ಎಂದು ಅತ್ತೆ ಗೊಣಗುವರು.

ಸೋಮವಾರ ಕೊರಿಯರ್ ಮಾಡುವುದೆಂದು ಗಟ್ಟಿಯಾಯಿತು. ರಜೆಗೆಂದು ಹೋದ ನಾನೂ ಅಲ್ಲೇ ಇದ್ದೆ. ಹಿಂದಿನ ದಿನ ನೋಡಿದರೆ ಅಕ್ಕಿ ಡಬ್ಬಿಯಲ್ಲಿ ಕಾರ್ಡಿಲ್ಲ, ಮನೆಯಲ್ಲಿ ಅತ್ತೆಯಿಲ್ಲ! ಹೊರಗೆ ಧೋ ಎಂದು ಮಳೆ. ಮಾವ ಭೂತಗನ್ನಡಿ ಹಿಡಿದು ಮಂಚದ ಕೆಳಗೆಲ್ಲ ಹುಡುಕಿ ಮುಗಿಸುವಷ್ಟರಲ್ಲಿ ಅತ್ತೆ ತೊಯ್ದು ತೊಪ್ಪೆಯಾಗಿ ಬಂದರು. ಸೆರಗಿನೊಳಗಿಂದ ಪ್ಲಾಸ್ಟಿಕ್ ಚೀಲ, ಚೀಲದೊಳಗಿಂದ ಕಾರ್ಡು ತೆಗೆದರು.

"ಇಂಥ ಮಳೇಲಿ ಅಷ್ಟು ದೂರ ಹೋಗೂದು, ನೆನೆದ್ರೆ ಎಂತ ಮಾಡ್ತ್ರಿ? ಪೇಟೆಗೆ ಹೋಗಿ ಲ್ಯಾಮಿನೇಶನ್ ಮಾಡಿಸ್ಕಂಡು ಬಂದೆ. ಮೂಲೆ ಚುಚ್ತದೆ ಅಂದೆ, ಪಾಪ, ಅಂಗಡಿ ಹುಡ್ಗ ನಾಲ್ಕೂ ಕಡೆ ದುಂಡಗೆ ಕತ್ತರಿಸಿ ಕೊಟ್ಟ!"

ಅಲ್ಲಿಗೆ ಕಾರ್ಡಿನ ಬೆಲೆ ಖತಂ! ಆದರೆ ಅತ್ತೆಯ ಪ್ರಕಾರ ಬೆಲೆಬಾಳುವ ಕಾಗದಕ್ಕೆ ಲ್ಯಾಮಿನೇಶನ್ನೇ ಮರ್ಯಾದೆ. ರೇಶನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು, ಮದುವೆ ಫೋಟೋ ಎಲ್ಲ ಆ ಮನೆಯಲ್ಲಿ ಲ್ಯಾಮಿನೇಶನ್ ಆದವೇ. ಇನ್ನೇನು ಆಕಾಶ ಕಳಚಿ ಬೀಳುತ್ತದೆ ಎಂದು ನಾನು ಬಾಗಿಲ ಹತ್ತಿರ ಸರಿದೆ.

ಮಾವ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅತ್ತೆಯನ್ನು ನೋಡಿದರು. ಸೀರೆಯಿಂದ ನೀರು ಇಳಿಯುತ್ತಿತ್ತು. ದಾರಿಯುದ್ದಕ್ಕೂ ಕೊಡೆಯನ್ನು ಆ ಚೀಲಕ್ಕೇ ಹಿಡಿದುಕೊಂಡು ಬಂದಿದ್ದರಂತೆ.

"ಎಷ್ಟು ಕೊಡ್ತ್ರಿ?" ಅತ್ತೆ ರೂಢಿಯಂತೆ ಕೇಳಿದರು.

ಮಾವ ಭೂತಗನ್ನಡಿಯನ್ನು ಕಿಸೆಗೆ ಹಾಕಿದರು. "ಹತ್ತು."

"ಹತ್ತಾ!" ಅತ್ತೆಯ ಮುಖ ನೋಡಬೇಕಿತ್ತು. "ಹಂಗಾರೆ ನಾಳೇನೇ ಕಳ್ಸಿ!"

"ಬೇಡ ಮಾರಾಯ್ತಿ," ಮಾವ ಅತ್ತೆಯ ತಲೆಗೆ ಟವೆಲು ಹಾಕುತ್ತ ಹೇಳಿದರು. "ಹತ್ತಕ್ಕೆ ಹತ್ತು ಬಂದದ್ದನ್ನ ಯಾರಾದ್ರೂ ಮತ್ತೆ ಪರೀಕ್ಷೆಗೆ ಕಳಿಸೂದುಂಟಾ?"